ಆ್ಯಂಡರ್ಸನ್ ಕಾಲದ ಲೈಸೆನ್ಸು

ಕೀಲ್ಪಾಕ್‌ನ ನಮ್ಮ ಮನೆಯಲ್ಲಿ ಮಗ ಈಗ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ ಕಾಡಿನ ಕತೆಗಳನ್ನು ಓದುತ್ತಿದ್ದಾನೆ. ಬೇಟೆಗೆ ಲೈಸೆನ್ಸು ಎಲ್ಲಿ ಕೊಡುತ್ತಾರೆಂದು ಮೊನ್ನೆ ಕೇಳಿದ. ಉತ್ತರವಾಗಿ ಆ್ಯಂಡರ್ಸನ್ ಬದುಕನ್ನೇ ಹೇಳಬೇಕಾಯಿತು.

1910ರಲ್ಲಿ ಹುಟ್ಟಿದ ಆ್ಯಂಡರ್ಸನ್ ಬೆಂಗಳೂರಿನವರೇ ಆಗಿಬಿಟ್ಟಿದ್ದರು. ಬಿಷಪ್ ಕಾಟನ್ ಶಾಲೆಯಲ್ಲಿ ಓದು, ವಿಮಾನ ಕಾರ್ಖಾನೆಯಲ್ಲಿ ನೌಕರಿ, ರಜೆ ಸಿಕ್ಕರೆ ಕಾಡು. ಅವರು ಅಲೆದ ಸೇಲಂ, ಕೊಳ್ಳೇಗಾಲದ ಕಾಡುಗಳು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಕೋವಿಗೊಂದು ಲೈಸೆನ್ಸು, ಮೀಸಲು ಅರಣ್ಯದಲ್ಲಿ ಶಿಕಾರಿಗೆ ಅರಣ್ಯ ಇಲಾಖೆಯ ಇನ್ನೊಂದು ಬೇಕಿತ್ತು. ಆನೆಗಂತೂ 1873ರ ಮದ್ರಾಸ್ ಕಾನೂನಿನ ಕಾವಲಿತ್ತು. ಶಿಕಾರಿಗಳು ಗುರಿಯಿಡುತ್ತಿದ್ದುದು ಸರ್ಕಾರ ಪುಂಡಾನೆಯೆಂದು ಸಾರಿದ್ದಕ್ಕೆ.

ವಯಸ್ಸಾದಂತೆ ಅವರಿಗೆ ಕೋವಿಗಿಂತ ಕ್ಯಾಮೆರಾ ಹಿತವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಅವರು ತೀರಿಕೊಂಡರು. ಕಾಯ್ದೆಯಲ್ಲಿ ಉಳಿದಿದ್ದ ಬೇಟೆ ಲೈಸೆನ್ಸನ್ನೂ 1991ರ ತಿದ್ದುಪಡಿ ತೆಗೆದುಹಾಕಿತು. ಈಗ ಹುಲಿ ನರಭಕ್ಷಕವಾದರೂ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಆದೇಶ ಕೊಡಬೇಕು. ಹಿಡಿದು ಸಾಗಿಸಲು ಆಗದಿದ್ದರೆ ಮಾತ್ರ ಗುಂಡು.

ಮಗನ ಮುಖ ಸಪ್ಪಗಾಯಿತು. ಅವನ ವಯಸ್ಸಿನಲ್ಲಿ ನಾನೂ ಕೋವಿಯ ಕನಸು ಕಂಡವನೇ. ಆದರೆ ಆ ಲೈಸೆನ್ಸು ಇಂದಿಗೂ ಸಿಗುವಂತಿದ್ದರೆ, ಅವನ ಪಾಲಿಗೆ ಹುಲಿ ಪುಸ್ತಕದಲ್ಲಷ್ಟೇ ಉಳಿಯುತ್ತಿತ್ತೇನೋ.