ಕಾಗದ ಸುಟ್ಟರು, ಕವಿತೆ ಉಳಿಸಿಕೊಂಡರು

ನಿಮ್ಮ ಫೋನಿನಲ್ಲಿ ಒಂದು ಕವಿತೆ ಸಿಕ್ಕರೆ ಜೈಲು ಅಂತಾದರೆ ಏನು ಮಾಡ್ತೀರಿ? ಡಿಲೀಟ್ ಮಾಡ್ತೀರಿ, ಅಲ್ವಾ? ಆದರೆ ಆ ಕವಿತೆ ಉಳಿಯಲೇಬೇಕು ಅಂತಿದ್ದರೆ? 1930ರ ದಶಕದ ಕೊನೆಯಲ್ಲಿ, ಲೆನಿನ್‌ಗ್ರಾಡಿನ ಕವಿ ಅನ್ನಾ ಅಖ್ಮತೊವಾ ಅವರಿಗೆ ಎದುರಾಗಿದ್ದು ಇಂಥದೇ ಪ್ರಶ್ನೆ.

ಅವರು ಹುಟ್ಟಿದ್ದು 1889ರಲ್ಲಿ, ಒಡೆಸ್ಸಾ ಬಳಿ. ಕವಿತೆ ಬರೆದು ಮನೆತನದ ಹೆಸರು ಕೆಡಿಸಬೇಡ ಎಂದು ಅಪ್ಪ ತಕರಾರು ತೆಗೆದಾಗ, ತಾಯಿಯ ಕಡೆಯ ಹಿರಿಯರ ಹೆಸರನ್ನೇ ತಮ್ಮದಾಗಿಸಿಕೊಂಡರು. ಇಪ್ಪತ್ತೈದು ತುಂಬುವಷ್ಟರಲ್ಲಿ ಪ್ರೇಮಕವಿತೆಗಳಿಂದ ಹೆಸರಾದರು. ಕ್ರಾಂತಿಯ ನಂತರ ಗೆಳೆಯರು ಅನೇಕರು ದೇಶ ಬಿಟ್ಟರೂ ಇವರು ಬಿಡಲಿಲ್ಲ. ಅವರಿಂದ ವಿಚ್ಛೇದನ ಪಡೆದಿದ್ದ ಕವಿ ನಿಕೊಲಾಯ್ ಗುಮಿಲ್ಯೊವ್ ಅವರನ್ನು 1921ರಲ್ಲಿ ಸರ್ಕಾರ ಗುಂಡಿಟ್ಟು ಕೊಂದಿತು. ಕೆಲವೇ ವರ್ಷಗಳಲ್ಲಿ ಇವರ ಕವಿತೆಗಳು ಅಚ್ಚಾಗುವುದೂ ನಿಂತಿತು.

1938ರಲ್ಲಿ ಮಗ ಲೆವ್‌ನ ಬಂಧನವಾಯಿತು. ಅದು ಸ್ಟಾಲಿನ್‌ನ ದಮನ ತುತ್ತತುದಿಯಲ್ಲಿದ್ದ ಕಾಲ. 1937-38ರ ಎರಡೇ ವರ್ಷಗಳಲ್ಲಿ ಸುಮಾರು 6 ಲಕ್ಷ 80 ಸಾವಿರ ಜನರನ್ನು ಕೊಂದಿದ್ದು ಸೋವಿಯತ್ ದಾಖಲೆಗಳಲ್ಲೇ ಇದೆ. ಅಖ್ಮತೊವಾ 17 ತಿಂಗಳು ಜೈಲಿನ ಮುಂದಿನ ಸಾಲಿನಲ್ಲಿ ನಿಂತರು. ಸಾಲಿನ ತುಂಬ ತಾಯಂದಿರು, ಹೆಂಡತಿಯರು, ಅಕ್ಕತಂಗಿಯರು. ಕಿಟಕಿಯಲ್ಲಿ ಪೊಟ್ಟಣ ಅಥವಾ ದುಡ್ಡು ತಗೊಂಡರೆ ತಮ್ಮವರು ಇನ್ನೂ ಒಳಗಿದ್ದಾರೆ ಎಂಬ ಸಮಾಧಾನ. ತಗೊಳ್ಳದಿದ್ದರೆ ಎದೆ ಧಸಕ್. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡ್ತಿರಲಿಲ್ಲ. ಒಂದು ದಿನ ಅವರನ್ನು ಯಾರೋ ಗುರುತಿಸಿದರು. ಹಿಂದೆ ನಿಂತಿದ್ದ ಹೆಂಗಸೊಬ್ಬರು, ಇದನ್ನೆಲ್ಲ ಬರೆಯೋಕಾಗುತ್ತಾ ಎಂದು ಪಿಸುಗುಟ್ಟಿ ಕೇಳಿದರು. ಆಗುತ್ತೆ ಎಂದರು ಅಖ್ಮತೊವಾ.

ಹಾಗೆ ರೂಪುಗೊಂಡಿದ್ದು ‘ರಿಕ್ವಿಯಂ’ ಎಂಬ ಕವಿತೆಗಳ ಸರಣಿ. ಬರೆದಿಟ್ಟುಕೊಳ್ಳುವ ಹಾಗಿರಲಿಲ್ಲ. ಗೆಳತಿ ಲಿಡಿಯಾ ಚುಕೊವ್‌ಸ್ಕಾಯಾ ಮನೆಗೆ ಬಂದರೆ, ಗೋಡೆಗೂ ಕಿವಿ ಇರಬಹುದೆಂದು ಬಾಯಲ್ಲಿ ಚಹಾದ ಉಪಚಾರದ ಮಾತು, ಕೈಯಲ್ಲಿ ಕಾಗದದ ಚೂರು. ಗೆಳತಿ ಓದಿ ಬಾಯಿಪಾಠ ಮಾಡಿ ಹಿಂತಿರುಗಿಸಿದ ಮೇಲೆ ಕಡ್ಡಿ ಗೀರಿ ಸುಡುತ್ತಿದ್ದರು. ಭೌತವಿಜ್ಞಾನಿಯಾಗಿದ್ದ ಆ ಗೆಳತಿಯ ಗಂಡನನ್ನೂ 1938ರಲ್ಲೇ ಕೊಂದಿದ್ದರು.

ಇಂಜಿನಿಯರಿಂಗ್ ಓದಿದವನಾಗಿ ನನಗೆ ಇಲ್ಲೊಂದು ಪಾಠ ಕಾಣುತ್ತೆ. ಮುಖ್ಯವಾದ ಮಾಹಿತಿಯನ್ನು ಒಂದೇ ಕಡೆ ಇಡಬಾರದು, ಹಲವು ಕಡೆ ನಕಲಿರಬೇಕು. ನಕಲಿನಲ್ಲಿ ತಪ್ಪು ನುಸುಳಿದರೆ ಗೊತ್ತಾಗಬೇಕು. ಛಂದಸ್ಸು, ಪ್ರಾಸ ಮಾಡೋದೂ ಇದನ್ನೇ: ಒಂದು ಪದ ಬಿಟ್ಟರೆ ಲಯ ಎಡವುತ್ತೆ. ಸುಮಾರು 20 ವರ್ಷ ‘ರಿಕ್ವಿಯಂ’ ಬೆರಳೆಣಿಕೆಯ ಜನರ ನೆನಪಿನಲ್ಲೇ ಇತ್ತು. ಕಾಗದಕ್ಕೆ ಇಳಿದಿದ್ದು 1962ರಲ್ಲಿ.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. 1949ರಲ್ಲಿ ಲೆವ್ ಮತ್ತೆ ಜೈಲು ಸೇರಿದ. ಮರುವರ್ಷ, ಮಗ ಉಳಿಯಲಿ ಎಂದು ಅಖ್ಮತೊವಾ ಸ್ಟಾಲಿನ್‌ನನ್ನು ಹೊಗಳಿ ಕವಿತೆ ಪ್ರಕಟಿಸಿದರು. ಲೆವ್ ಹೊರಬಂದಿದ್ದು 1956ರಲ್ಲಿ, ಸ್ಟಾಲಿನ್ ಸತ್ತ ಮೇಲೆ. ಈಗಿನ ಕಾಲದಲ್ಲಾಗಿದ್ದರೆ ನಾವು ಒಂದೇ ಪೋಸ್ಟಿನಲ್ಲಿ ಅವರಿಗೆ ತೀರ್ಪು ಕೊಟ್ಟುಬಿಡ್ತಿದ್ದೆವೋ ಏನೋ. ನಾನು ಕೊಡಲಾರೆ. ಆ ಕವಿತೆಗಳನ್ನು ಲಕ್ಷಾಂತರ ಪ್ರತಿಗಳಲ್ಲಿ ಹಂಚುವ ಶಕ್ತಿ ಸರ್ಕಾರಕ್ಕಿತ್ತು, ಜನರ ಮನಸ್ಸಿನಲ್ಲಿ ಉಳಿಸುವ ಶಕ್ತಿ ಇರಲಿಲ್ಲ.

ಅಖ್ಮತೊವಾ 1966ರಲ್ಲಿ ತೀರಿಕೊಂಡರು. ‘ರಿಕ್ವಿಯಂ’ 1963ರಲ್ಲೇ ಮ್ಯೂನಿಕ್‌ನಲ್ಲಿ ಪುಸ್ತಕವಾಗಿದ್ದರೂ ಅವರ ಸ್ವಂತ ದೇಶದಲ್ಲಿ ಪ್ರಕಟವಾಗಿದ್ದು 1987ರಲ್ಲಿ. ಪೊಲೀಸರ ಕಡತಗಳಲ್ಲಿ ಪ್ರತಿ ಕೈದಿಗೂ ಬೇರೆ ಬೇರೆ ಫೈಲು. ಹೊರಗೆ ಚಳಿಯಲ್ಲಿ ಸಾಲಾಗಿ ನಿಂತಿದ್ದವರು ಹೆಂಗಸರು. ತನ್ನ ಪಾಡು ತನಗೊಬ್ಬಳಿಗೇ ಬಂದದ್ದು ಎಂದುಕೊಂಡವಳಿಗೆ, ಇದು ಇಡೀ ಸಾಲಿನ ಪಾಡು ಅಂತ ತೋರಿಸಿದ್ದು ಕವಿತೆ.

ನಾವೀಗ ಸ್ಕ್ರೀನ್‌ಶಾಟ್ ತೆಗೆದಿಡ್ತೇವೆ, ಲಿಂಕ್ ಉಳಿಸಿಕೊಳ್ತೇವೆ. ಅದು ಬೇಕು. ಜೊತೆಗೆ, ನಮ್ಮ ಕಾಲದ ನೋವಿನ ಒಂದೆರಡು ಕವಿತೆ ಬಾಯಿಪಾಠವೂ ಇರಲಿ.