ಮನಸ್ಸಿನ ಅಧ್ಯಯನಕ್ಕೆ ಶಾಲೆ ಕಟ್ಟಿದ ಡಾ. ಗೋಪಾಲಸ್ವಾಮಿ

ಮನೆಯಲ್ಲಿ ಯಾರಾದರೊಬ್ಬರು ಜ್ವರದಿಂದ ಮಲಗಿದರೆ, ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಆ ಸುದ್ದಿಯನ್ನು ನಾಲ್ಕು ಜನರೊಡನೆ ಹೇಳಿಕೊಳ್ಳಲು ನಾವು ಹಿಂಜರಿಯುವುದಿಲ್ಲ. ಕಾಲು ಮುರಿದರೆ, ಸಕ್ಕರೆ ಕಾಯಿಲೆ ಬಂದರೆ, ಯಾವ ವೈದ್ಯರು ಒಳ್ಳೆಯವರೆಂದು ಬಲ್ಲವರನ್ನು ವಿಚಾರಿಸುತ್ತೇವೆ. ಆದರೆ ಓದುತ್ತಿದ್ದ ಮಗನು ತಿಂಗಳುಗಟ್ಟಲೆ ಕೋಣೆಯಿಂದ ಹೊರಗೆ ಬಾರದಿದ್ದರೆ, ಬಾಣಂತಿ ಮಗಳು ಹಗಲಿರುಳು ಕಣ್ಣೀರಿಡುತ್ತಿದ್ದರೆ, ಆ ಮನೆಯ ಬಾಗಿಲು ನೆರೆಹೊರೆಗೆ ಮುಚ್ಚಿಕೊಳ್ಳುತ್ತದೆ. ಜಪಸರದ ಪ್ರಾರ್ಥನೆ ನಡೆಯುತ್ತದೆ, ಹರಕೆ ಹೊರುವುದೂ ಉಂಟು. ಮನಸ್ಸಿನ ಚಿಕಿತ್ಸೆಯನ್ನು ಬಲ್ಲವರ ಬಳಿಗೆ ಹೋಗುವ ಮಾತು ಮಾತ್ರ ಕೊನೆಯವರೆಗೂ ಬಾಯಿಗೆ ಬರುವುದಿಲ್ಲ. ಅಲ್ಲಿ ಕುಳಿತಿರುವವರು ಯಾರು, ಅವರು ಏನನ್ನು ಕಲಿತು ಬಂದಿದ್ದಾರೆ ಎಂಬ ಅರಿವು ನಮಗಿಲ್ಲದಿರುವುದೂ ಈ ಸಂಕೋಚಕ್ಕೆ ಒಂದು ಕಾರಣ. ಆ ಕಲಿಕೆಗೆ ನಮ್ಮ ನಾಡಿನಲ್ಲಿ ಅಡಿಪಾಯ ಹಾಕಿದ ಹಿರಿಯರೊಬ್ಬರ ಬದುಕನ್ನು ಈ ವಾರ ನೆನೆಯೋಣ. ಅವರೇ ಡಾ. ಎಂ.ವಿ. ಗೋಪಾಲಸ್ವಾಮಿ.

ಆಕಾಶವಾಣಿಯ ಜನಕರೆಂದು ಈ ಹೆಸರನ್ನು ಬಲ್ಲವರು ಅನೇಕರು. ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 1935ರ ಸೆಪ್ಟೆಂಬರ್ 10ರಂದು ಅವರು ಪುಟ್ಟದೊಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆಗ ಅದರ ಪ್ರಸಾರ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಆ ಕೇಂದ್ರ ಹೊತ್ತ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಆದರೆ ಬಾನುಲಿ ಅವರ ವೃತ್ತಿಯಾಗಿರಲಿಲ್ಲ. ಅವರು ವೃತ್ತಿಯಿಂದ ಮನಶ್ಶಾಸ್ತ್ರದ ಅಧ್ಯಾಪಕರು. ಆ ಶಾಸ್ತ್ರಕ್ಕೆ ಅವರು ಸಲ್ಲಿಸಿದ ಸೇವೆ ಬಾನುಲಿಯಷ್ಟು ದೂರ ಕೇಳಿಸಲಿಲ್ಲ.

ಲಂಡನ್ನಿನಿಂದ ಮೈಸೂರಿಗೆ

1896ರಲ್ಲಿ ಜನಿಸಿದ ಗೋಪಾಲಸ್ವಾಮಿಯವರು ಉನ್ನತ ವ್ಯಾಸಂಗಕ್ಕೆಂದು ಲಂಡನ್ನಿಗೆ ತೆರಳಿದರು. ಅಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಬುದ್ಧಿಶಕ್ತಿಯ ಅಳತೆಯ ಬಗ್ಗೆ ಜಗತ್ಪ್ರಸಿದ್ಧರಾದ ಚಾರ್ಲ್ಸ್ ಸ್ಪಿಯರ್‌ಮನ್. ಈ ಸ್ಪಿಯರ್‌ಮನ್ನರು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟರ ಬಳಿ ಕಲಿತವರು. ಮನಸ್ಸನ್ನು ಪ್ರಯೋಗದಿಂದ ಅರಿಯಬೇಕೆಂದು 1879ರಲ್ಲಿ ಪ್ರಯೋಗಶಾಲೆಯನ್ನು ತೆರೆದವರು ಈ ವುಂಟರೇ. ಹೀಗೆ ಲೈಪ್‌ಜಿಗ್‌ನಿಂದ ಲಂಡನ್ನಿಗೆ, ಲಂಡನ್ನಿನಿಂದ ಮೈಸೂರಿಗೆ ಒಂದು ಗುರುಪರಂಪರೆಯೇ ಹರಿದುಬಂದಿತು.

ಲಂಡನ್ನಿನಲ್ಲಿ ಗೋಪಾಲಸ್ವಾಮಿಯವರು ನಡೆಸಿದ ಸಂಶೋಧನೆ ಸ್ವಾರಸ್ಯಕರವಾದುದು. ಕಾಗದದ ಮೇಲೆ ನಕ್ಷತ್ರದಂತಹ ಒಂದು ಆಕೃತಿಯಿರುತ್ತದೆ. ಅದನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಪೆನ್ಸಿಲಿನಿಂದ ಗೆರೆಯ ಮೇಲೆ ಸಾಗಬೇಕು. ಮೊದಲಿಗೆ ಕೈ ದಿಕ್ಕು ತಪ್ಪುತ್ತದೆ. ಮೇಲಕ್ಕೆ ಹೋಗಬೇಕಾದಾಗ ಕೆಳಕ್ಕೆ ಇಳಿಯುತ್ತದೆ. ಹಲವು ಬಾರಿ ಯತ್ನಿಸಿದ ಮೇಲೆ ತಪ್ಪುಗಳು ಇಳಿಮುಖವಾಗುತ್ತವೆ. ಈ ಕಲಿಕೆಯಲ್ಲಿ ಬುದ್ಧಿಯ ಪಾತ್ರವೆಷ್ಟು ಎಂಬುದನ್ನು ಕುರಿತು ಅವರು ಬರೆದ ಪ್ರಬಂಧ 1924ರಲ್ಲಿ ಬ್ರಿಟನ್ನಿನ ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ತತ್ವಜ್ಞಾನಿ ಬ್ರಜೇಂದ್ರನಾಥ ಸೀಲ್. ಕಲ್ಕತ್ತೆಯಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ಪಠ್ಯಕ್ರಮವನ್ನು ರಚಿಸಿಕೊಟ್ಟಿದ್ದ ಈ ವಿದ್ವಾಂಸರ ಕಾಲದಲ್ಲಿ, 1924ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಅದರ ಹೊಣೆ ಗೋಪಾಲಸ್ವಾಮಿಯವರ ಹೆಗಲಿಗೆ ಬಂದಿತು. ಕಲ್ಕತ್ತೆಯ ವಿಭಾಗವನ್ನು ಬಿಟ್ಟರೆ ಭಾರತದಲ್ಲಿ ಅಂತಹ ವಿಭಾಗಗಳಲ್ಲಿ ಇದೇ ಅತ್ಯಂತ ಹಳೆಯದು.

ಅಲ್ಲಿಯವರೆಗೆ ಮನಸ್ಸಿನ ವಿಚಾರವು ತತ್ವಶಾಸ್ತ್ರದ ಒಂದು ಅಧ್ಯಾಯವಾಗಿ ಪುಸ್ತಕದಲ್ಲಿ ಉಳಿದಿತ್ತು. ಗೋಪಾಲಸ್ವಾಮಿಯವರು ಅದನ್ನು ಪ್ರಯೋಗಶಾಲೆಗೆ ತಂದರು. ಅಳೆಯುವ ಉಪಕರಣಗಳು ಬಂದವು, ಪ್ರಾಣಿಗಳ ವರ್ತನೆಯ ಅಧ್ಯಯನಕ್ಕೂ ಏರ್ಪಾಡಾಯಿತು. ತನ್ನ ಊಹೆಯನ್ನು ತಾನೇ ಪರೀಕ್ಷೆಗೆ ಒಡ್ಡಬೇಕು, ಕಂಡದ್ದನ್ನು ಬರೆದಿಡಬೇಕು, ಇತರರು ತಿದ್ದಿದರೆ ಒಪ್ಪಬೇಕು ಎಂಬ ಶಿಸ್ತು ಇದರೊಡನೆ ವಿದ್ಯಾರ್ಥಿಗಳಿಗೆ ಬಂದಿತು. ಸುಮಾರು ಮೂರು ದಶಕಗಳ ಕಾಲ ಅವರು ಈ ವಿಭಾಗವನ್ನು ಬೆಳೆಸಿದರು. ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿಯೂ ಕಾರ್ಯನಿರ್ವಹಿಸಿದರು.

ಬೆಂಗಳೂರಿನ ಆಸ್ಪತ್ರೆ

ಆ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನ ಬೋಧನೆಯ ಕೇಂದ್ರ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಕಲಾ ವಿಷಯಗಳ ಕೇಂದ್ರ ಮೈಸೂರಿನ ಮಹಾರಾಜಾ ಕಾಲೇಜು. ಆದುದರಿಂದ ಬಸವನಗುಡಿಯ ಅಥವಾ ಮಲ್ಲೇಶ್ವರದ ಹುಡುಗನೊಬ್ಬನು ಮನಶ್ಶಾಸ್ತ್ರವನ್ನು ಆಳವಾಗಿ ಓದಬಯಸಿದರೆ ಮೈಸೂರಿನ ರೈಲು ಹತ್ತಬೇಕಾಗಿತ್ತು. ಮನೋರೋಗಿಗಳ ದೊಡ್ಡ ಆಸ್ಪತ್ರೆಯಾದರೋ ಬೆಂಗಳೂರಿನಲ್ಲಿತ್ತು. ಶಾಸ್ತ್ರ ಒಂದು ಊರಿನಲ್ಲಿ, ಆ ಶಾಸ್ತ್ರಕ್ಕಾಗಿ ಕಾಯುತ್ತಿದ್ದ ರೋಗಿಗಳು ಇನ್ನೊಂದು ಊರಿನಲ್ಲಿ.

ಆ ಆಸ್ಪತ್ರೆಯ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. 1847ರ ಸುಮಾರಿಗೆ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರ ಪ್ರಯತ್ನದಿಂದ ಬೆಂಗಳೂರಿನ ಪೇಟೆಯಲ್ಲಿ ಹುಚ್ಚಾಸ್ಪತ್ರೆಯೊಂದು ನೆಲೆಗೊಂಡಿತು. 1925ರಲ್ಲಿ ಸರ್ಕಾರವು ಅದಕ್ಕೆ ಮಾನಸಿಕ ರೋಗಗಳ ಆಸ್ಪತ್ರೆ ಎಂಬ ಗೌರವದ ಹೆಸರನ್ನಿತ್ತಿತು. ಪೇಟೆಯ ಇಕ್ಕಟ್ಟಿಗೆ ಪರಿಹಾರವಾಗಿ 19ನೆಯ ಶತಮಾನದ ಕೊನೆಯಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಹುಟ್ಟಿದ್ದವಷ್ಟೆ. ಆದರೆ ಮನೋರೋಗಿಗಳಿಗೆ ಆ ಗಾಳಿ ಬೆಳಕು ಒದಗಿದ್ದು 1930ರ ದಶಕದಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲರ ಆಡಳಿತದಲ್ಲಿ ಆಸ್ಪತ್ರೆಯು ಹೊಸೂರು ರಸ್ತೆಯ ಲಕ್ಕಸಂದ್ರಕ್ಕೆ ಸ್ಥಳಾಂತರವಾದಾಗ. ಆಗ ಆಸ್ಪತ್ರೆಯ ಮೇಲ್ವಿಚಾರಕರಾಗಿ ಈ ಕಾರ್ಯಕ್ಕೆ ಶ್ರಮಿಸಿದವರು ಡಾ. ಫ್ರಾಂಕ್ ನೊರೊನ್ಹಾ. ನಮ್ಮ ಓದುಗರಿಗೆ ಈ ಕುಲನಾಮ ಆಪ್ತವೆನಿಸೀತು.

ನೊರೊನ್ಹಾ ಅವರ ತರುವಾಯ ಬಂದ ಡಾ. ಎಂ.ವಿ. ಗೋವಿಂದಸ್ವಾಮಿಯವರ ಹೆಸರನ್ನೂ ನಮ್ಮ ಕಥಾನಾಯಕರ ಹೆಸರನ್ನೂ ಅದಲುಬದಲು ಮಾಡುವವರುಂಟು. ಗೋವಿಂದಸ್ವಾಮಿಯವರು ಮನೋವೈದ್ಯರು, ಗೋಪಾಲಸ್ವಾಮಿಯವರು ಮನಶ್ಶಾಸ್ತ್ರಜ್ಞರು. ರೋಗಿಗೆ ಇಬ್ಬರೂ ಬೇಕು. ಔಷಧವನ್ನು ಬರೆದುಕೊಡುವವರು ಮನೋವೈದ್ಯರು. ಪರೀಕ್ಷೆಗಳ ಮೂಲಕ ರೋಗಿಯ ಬುದ್ಧಿ, ನೆನಪು, ಭಾವನೆಗಳ ಸ್ಥಿತಿಯನ್ನು ಅಳೆದು, ಮಾತುಕತೆ ಹಾಗೂ ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುವವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು.

1946ರಲ್ಲಿ ಭೋರ್ ಸಮಿತಿಯ ವರದಿಯು ದೇಶದಲ್ಲಿ ಮನೋರೋಗಿಗಳ ಆರೈಕೆಗೆ ತರಬೇತಿ ಪಡೆದವರ ತೀವ್ರ ಕೊರತೆಯಿರುವುದನ್ನು ಎತ್ತಿ ತೋರಿಸಿತು. ಅದರ ಫಲವಾಗಿ 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಅದು ರೂಪುಗೊಳ್ಳಲು ದುಡಿದವರಲ್ಲಿ ಗೋಪಾಲಸ್ವಾಮಿಯವರೂ ಒಬ್ಬರು. 1955ರಲ್ಲಿ ಅಲ್ಲಿ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ಶಿಕ್ಷಣ ಆರಂಭವಾಯಿತು. ಭಾರತದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ಕ್ರಮಬದ್ಧ ತರಬೇತಿಗೆ ಅದೇ ಮೊದಲು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ಎಸ್.ಕೆ. ರಾಮಚಂದ್ರರಾವ್ ಅವರು ಮುಂದೆ ಇಲ್ಲಿ ಆ ವಿಭಾಗದ ಮುಖ್ಯಸ್ಥರಾದರು. ಶಾಸ್ತ್ರವೂ ರೋಗಿಯೂ ಕೊನೆಗೆ ಒಂದೇ ಆವರಣದಲ್ಲಿ ಸೇರಿದಂತಾಯಿತು. ಅದೇ 1955ರಲ್ಲಿ ಮೈಸೂರಿನ ಬಾನುಲಿ ಕೇಂದ್ರವೂ ಬೆಂಗಳೂರಿಗೆ ಬಂದಿತು. ಗೋಪಾಲಸ್ವಾಮಿಯವರು ನೆಟ್ಟ ಎರಡು ಸಸಿಗಳೂ ಒಂದೇ ವರ್ಷ ರಾಜಧಾನಿಯಲ್ಲಿ ಬೇರುಬಿಟ್ಟವು. ಎರಡು ವರ್ಷಗಳ ಬಳಿಕ, 1957ರಲ್ಲಿ, ಅವರು ಕಾಲವಾದರು.

ಎರಡು ವರ್ಷಗಳ ಕಠಿಣ ಅಭ್ಯಾಸ

ಅವರ ನಂತರವೂ ಆ ಶಿಕ್ಷಣ ಬೆಳೆಯಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಉದಯಿಸಿತು. 1978ರಲ್ಲಿ ಡಿಪ್ಲೊಮಾ ಎಂ.ಫಿಲ್. ಪದವಿಯಾಯಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಎಂ.ಫಿಲ್. ಪದವಿಯನ್ನು ಕೈಬಿಡಲು ಸೂಚಿಸಿರುವುದರಿಂದ ಪದವಿಯ ಹೆಸರು ಇತ್ತೀಚೆಗೆ ಚರ್ಚೆಗೆ ಬಂದಿದೆ. ಆದರೆ ಕಲಿಕೆಯ ತಿರುಳು ಹಾಗೆಯೇ ಇದೆ. ಎಂ.ಎ. ಅಥವಾ ಎಂ.ಎಸ್‌ಸಿ. ಮುಗಿಸಿದ ವಿದ್ಯಾರ್ಥಿಯು ಪುಸ್ತಕವನ್ನು ಬದಿಗಿಟ್ಟು ಎರಡು ವರ್ಷ ಪೂರ್ಣಕಾಲ ಆಸ್ಪತ್ರೆಯಲ್ಲಿ ದುಡಿಯಬೇಕು. ರೋಗಿಯ ಹಾಗೂ ಮನೆಯವರ ಬಳಿ ಕುಳಿತು ರೋಗದ ಪೂರ್ವಚರಿತ್ರೆಯನ್ನು ಕೇಳಿ ಬರೆಯಬೇಕು. ಬುದ್ಧಿಮಾಪನದ ಪರೀಕ್ಷೆಗಳನ್ನು ಕಲಿಯಬೇಕು. ಇವುಗಳಲ್ಲಿ ಧಾರವಾಡದ ಕಡೆಯ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ವಿ.ವಿ. ಕಾಮತರು 1930ರ ದಶಕದಲ್ಲಿಯೇ ಅಳವಡಿಸಿದ ಬಿನೆ-ಕಾಮತ್ ಪರೀಕ್ಷೆಯೂ ಉಂಟು. ಮಕ್ಕಳ ವಿಭಾಗದಲ್ಲಿ, ಮಿದುಳಿಗೆ ಪೆಟ್ಟು ಬಿದ್ದವರ ವಿಭಾಗದಲ್ಲಿ, ಕುಡಿತದ ಚಟದವರ ವಿಭಾಗದಲ್ಲಿ ಸರದಿಯ ಮೇಲೆ ಸೇವೆ ಸಲ್ಲಿಸಬೇಕು. ತಾನು ನೀಡಿದ ಚಿಕಿತ್ಸೆಯನ್ನು ಹಿರಿಯರ ಮುಂದಿಟ್ಟು, ಎಲ್ಲಿ ಆತುರಪಟ್ಟೆ, ಎಲ್ಲಿ ಕೇಳದೆ ಉಪದೇಶಿಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಕನ್ನಡಿಯಲ್ಲಿ ನಕ್ಷತ್ರ ಬರೆಯುವವನಂತೆ ಇಲ್ಲಿಯೂ ಮೊದಲು ಕೈ ದಿಕ್ಕು ತಪ್ಪುತ್ತದೆ. ತಪ್ಪನ್ನು ತಿದ್ದಿಕೊಳ್ಳುತ್ತಲೇ ವಿದ್ಯೆ ಕರಗತವಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿಯಾದವರೇ ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದು ವೃತ್ತಿ ನಡೆಸಲು ಅರ್ಹರು. ಯಾರ ಬಳಿಗೆ ಹೋದರೂ ಈ ನೋಂದಣಿಯನ್ನು ವಿಚಾರಿಸುವುದು ಅವಿಶ್ವಾಸವಲ್ಲ, ವಿವೇಕ.

ನಮ್ಮ ಕುಟುಂಬಗಳಲ್ಲಿ ಇನ್ನೊಂದು ಶಂಕೆಯುಂಟು. ಮನಶ್ಶಾಸ್ತ್ರಜ್ಞರ ಬಳಿಗೆ ಹೋದರೆ ವಿಶ್ವಾಸ ಕಡಿಮೆಯಾಯಿತೆಂದು ಅರ್ಥವೇ? ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಗುರುಗಳಾಗುವವರ ಶಿಕ್ಷಣದಲ್ಲಿಯೇ ಸರಿಯಾದ ಮನಶ್ಶಾಸ್ತ್ರದ ಹೊಸ ಅರಿವನ್ನು ಬಳಸಿಕೊಳ್ಳಬೇಕೆಂದು ತಿಳಿಸಿತು. ಪಾಪನಿವೇದನೆಯ ಸಂಸ್ಕಾರದಲ್ಲಿ ನಮಗೆ ದೇವರ ಕ್ಷಮೆ ದೊರೆಯುತ್ತದೆ, ಚಿಕಿತ್ಸಕರ ಕೋಣೆಯಲ್ಲಿ ರೋಗಕ್ಕೆ ಆರೈಕೆ ದೊರೆಯುತ್ತದೆ. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಖಿನ್ನತೆ ಪಾಪವಲ್ಲ, ಆದುದರಿಂದ ಅದಕ್ಕೆ ಬೇಕಾದುದು ಕ್ಷಮೆಯಲ್ಲ, ಚಿಕಿತ್ಸೆ. ಚಿಕಿತ್ಸಕರಿಗೆ ಹೇಳಿಕೊಂಡ ವಿಷಯದ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯ ಹಕ್ಕೆಂದೇ ಮಾನ್ಯ ಮಾಡಿದೆ. ಗುರುಗಳ ಆಶೀರ್ವಾದವನ್ನು ಪಡೆದು ಆಸ್ಪತ್ರೆಗೆ ಹೋಗುವವನು ದೇವರನ್ನು ಬಿಟ್ಟು ಹೋಗುವುದಿಲ್ಲ.

ಇಂದು ಬಾನುಲಿಯ ದನಿ ಕೇಳಿದಾಗ ಗೋಪಾಲಸ್ವಾಮಿಯವರನ್ನು ನೆನೆಯುವವರು ಇದ್ದಾರೆ. ಹೊಸೂರು ರಸ್ತೆಯ ಆ ಆವರಣದಲ್ಲಿ ಯುವತಿಯೊಬ್ಬಳು ರೋಗಿಯ ಎದುರು ಕುಳಿತು, ನಡುವೆ ಬಾಯಿ ಹಾಕದೆ, ಅವನ ಮಾತನ್ನು ಕೊನೆಯವರೆಗೂ ಕೇಳಲು ಕಲಿಯುತ್ತಿರುವಾಗಲೂ ಅವರನ್ನು ನೆನೆಯುವುದು ನ್ಯಾಯ. ನಮ್ಮ ನೆರೆಯಲ್ಲಿ ಬಾಗಿಲು ಮುಚ್ಚಿದ ಮನೆಯೊಂದಿದ್ದರೆ ಈ ವಾರ ಅಲ್ಲಿಗೆ ಹೋಗಿ ಬರೋಣ. ಇಂತಹ ಕಷ್ಟವನ್ನು ಕೇಳಲೆಂದೇ ಕಲಿತವರು ಈ ಊರಿನಲ್ಲಿದ್ದಾರೆಂದು ಅವರಿಗೆ ತಿಳಿಸೋಣ. ಅಗತ್ಯವೆನಿಸಿದರೆ, ಜೊತೆಯಲ್ಲಿ ಹೋಗೋಣ.