ಮೂರು ನುಡಿಗಳ ನಾಯಕ ಸ್ವಾಮಿ ರಾಮಾನಂದ ತೀರ್ಥರು

ಕುಷಾಯಿಗೂಡದ ಹೋಟೆಲುಗಳಲ್ಲಿ ದುಡಿಯುವ ನಮ್ಮವರು ಗಿರಾಕಿಯೊಡನೆ ತೆಲುಗನ್ನೂ ಪೇಟೆಯಲ್ಲಿ ಉರ್ದುವನ್ನೂ ಅಡಿಗೆಮನೆಯಲ್ಲಿ ಕನ್ನಡವನ್ನೂ ಆಡುತ್ತಾರೆ. ಹೀಗೆ ಹಲವು ನುಡಿಗಳ ನಡುವೆ ಬಾಳುವವನು ತನ್ನ ನುಡಿಯನ್ನೂ ದೇಶವನ್ನೂ ಒಟ್ಟಿಗೆ ಪ್ರೀತಿಸಬಲ್ಲನೇ? ಇದೇ ನಗರದ ಬೇಗಂಪೇಟೆಯಲ್ಲಿ ಸಮಾಧಿಸ್ಥರಾಗಿರುವ ಸ್ವಾಮಿ ರಾಮಾನಂದ ತೀರ್ಥರ ಜೀವನವೇ ಇದಕ್ಕೆ ಉತ್ತರವಾಗಿದೆ.

ಸ್ವಾಮೀಜಿಯವರು 1903ನೆಯ ಅಕ್ಟೋಬರ್ 3ರಂದು ಕನ್ನಡ ನೆಲವಾದ ಸಿಂದಗಿಯಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ಕೆಲಸ ಮಾಡಿ, ಮುಂದೆ ಮರಾಠಿ ಸೀಮೆಯ ಹಿಪ್ಪರಗಾ ಮತ್ತು ಅಂಬಾಜೋಗಾಯಿಗಳಲ್ಲಿ ಶಿಕ್ಷಕರಾದರು. 1932ರಲ್ಲಿ ಸಂನ್ಯಾಸ ಸ್ವೀಕರಿಸಿದರೂ ಲೋಕಕಾರ್ಯವನ್ನು ತ್ಯಜಿಸಲಿಲ್ಲ.

ಆಗಿನ ನಿಜಾಮ ರಾಜ್ಯದ ಬಹುಸಂಖ್ಯಾತರ ಮಾತು ತೆಲುಗು, ಮರಾಠಿ, ಕನ್ನಡ. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿಯೇ ನೀಡಿತು. ದೇಶಭಾಷೆಯೊಂದಕ್ಕೆ ದೊರೆತ ಆ ಗೌರವವು ಶ್ಲಾಘ್ಯವೇ ಸರಿ. ಆದರೆ ಬೀದರ, ಗುಲ್ಬರ್ಗ, ರಾಯಚೂರುಗಳ ರೈತನ ಮಗನಿಗೆ ಅವನ ತಾಯ್ನುಡಿಯಲ್ಲಿ ಆ ಭಾಗ್ಯವಿರಲಿಲ್ಲ.

ಆಂಧ್ರ, ಮಹಾರಾಷ್ಟ್ರ, ಕರ್ನಾಟಕ ಎಂದು ಮೂರು ಭಾಷೆಯವರೂ ಬೇರೆಬೇರೆ ಪರಿಷತ್ತುಗಳನ್ನು ಕಟ್ಟಿಕೊಂಡಿದ್ದರು. ಇವರೆಲ್ಲರನ್ನು ಒಂದುಗೂಡಿಸಲು ಹೊರಟ ಸ್ಟೇಟ್ ಕಾಂಗ್ರೆಸ್ಸನ್ನು ಸರಕಾರವು 1938ರಲ್ಲಿ ಹುಟ್ಟುವ ಮೊದಲೇ ನಿಷೇಧಿಸಿತು. ಸ್ವಾಮೀಜಿ ಸತ್ಯಾಗ್ರಹ ಹೂಡಿ ಸೆರೆಮನೆ ಸೇರಿದರು. 1946ರಲ್ಲಿ ನಿಷೇಧವು ತೆರವಾದಾಗ ಅಧ್ಯಕ್ಷರಾದರು. ದೇಶವೆಲ್ಲ ಸ್ವಾತಂತ್ರ್ಯೋತ್ಸವದಲ್ಲಿದ್ದ 1947ರ ಆಗಸ್ಟ್ 15ರಂದೇ ಅವರ ಬಂಧನವಾಯಿತು. ಕೊನೆಯದಾಗಿ ಬಿಡುಗಡೆಯಾದುದು 1948ರ ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆಯ ಬಳಿಕ.

ಕಠಿಣವಾದ ಪರೀಕ್ಷೆ ಬಂದುದು ಅನಂತರ. ರಾಜ್ಯವನ್ನು ಭಾರತದೊಡನೆ ಸೇರಿಸಲು ಸೆರೆವಾಸ ಕಂಡವರೇ ಅದನ್ನು ಭಾಷೆಗನುಗುಣವಾಗಿ ಮೂರಾಗಿ ವಿಭಜಿಸಬೇಕೆಂದರು. ಹೈದರಾಬಾದನ್ನು ಒಡೆಯಲು ಪ್ರಧಾನಿ ನೆಹರೂ ಅವರಿಗೇ ಮನಸ್ಸಿರಲಿಲ್ಲ. ಭಾಷಾಭಿಮಾನವು ದೇಶದ ಐಕ್ಯಕ್ಕೆ ಕೊಡಲಿಯಾದೀತೆಂದು ಹಲವರು ಅಂಜಿದ್ದರು. ಪ್ರಜೆಯ ಅರ್ಜಿ ಪ್ರಜೆಯ ನುಡಿಯಲ್ಲಿಯೇ ಇತ್ಯರ್ಥವಾಗದೆ ಪ್ರಜಾಪ್ರಭುತ್ವವೆಲ್ಲಿಯದು? 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಅಳಿಯಿತು. ಮೂರು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಸ್ವಾಮೀಜಿ ಬೆಳೆಸಿದ ಸಂಸ್ಥೆಯ ಕಾರ್ಯಕ್ಷೇತ್ರವೇ ಹರಿದು ಮೂರು ಪಾಲಾಯಿತು. ಅವರು ಅದಕ್ಕೂ ಸಿದ್ಧರಿದ್ದರು.

ಭಾಷಾವಾರು ವಿಭಜನೆಯನ್ನು ಬಯಸಿದ ಇವರನ್ನು ಯಾವ ಭಾಷೆಯವರೂ ಅನ್ಯರೆಂದು ಎಣಿಸಲಿಲ್ಲ. 1952ರಲ್ಲಿ ಕನ್ನಡದ ಗುಲ್ಬರ್ಗ, 1957ರಲ್ಲಿ ಮರಾಠಿಯ ಔರಂಗಾಬಾದ್ ಅವರನ್ನು ಲೋಕಸಭೆಗೆ ಕಳುಹಿಸಿದವು. 1972ನೆಯ ಜನವರಿ 22ರಂದು ಅವರು ದೇಹವಿಟ್ಟುದು ತೆಲುಗು, ಉರ್ದುಗಳ ಈ ಹೈದರಾಬಾದಿನಲ್ಲಿ.

ಗಡಿ ಎಳೆದ ಮೇಲೂ ಗಡಿಯ ಆಚೆ ಉಳಿಯುವವರು ಇದ್ದೇ ಇರುತ್ತಾರೆ, ನಾವು ಅಂಥವರು. ಮಾಣಿಯಾಗಲಿ, ಗುಮಾಸ್ತನಾಗಲಿ, ತನ್ನ ಮಗುವಿಗೆ ಮನೆಯಲ್ಲಿ ಕನ್ನಡದ ಅಕ್ಷರ ತಿದ್ದಿಸಲಿ. ಅನ್ನ ನೀಡಿದ ಊರಿನ ತೆಲುಗನ್ನೂ ಆದರದಿಂದ ಕಲಿಯಲಿ. ಬೇಗಂಪೇಟೆಯ ಆ ಸಮಾಧಿಗೆ ನಾವು ಸಲ್ಲಿಸಬಹುದಾದ ಹೂವು ಇದೇ.